ಅಂದಾನೆಪ್ಪನ ತನಿಖೆ ಮತ್ತು ನಾಲ್ಕು ಬುಟ್ಟಿ ಹೊಟ್ಟು

ನರೇಗಲ್ಲಿನ ಬಸ್ ಸ್ಟ್ಯಾಂಡಿನಿಂದ ಸಂತೆ ಬಯಲಿಗೆ ಹೋಗುವ ದಾರಿಯಲ್ಲಿ ಅಂದಾನೆಪ್ಪನ ಹಗ್ಗದ ಅಂಗಡಿ ಇದೆ. ಹಗ್ಗದ ಅಂಗಡಿ ಎಂಬುದು ಈಗ ಹೆಸರಿಗಷ್ಟೇ. ಮೂಗುದಾರ, ಕಣ್ಣಿ, ಬಾರುಕೋಲುಗಳೆಲ್ಲ ಒಂದು ಮೂಲೆ ಸೇರಿ, ಮುಂದಿನ ಜಾಗವನ್ನು ಟ್ರ್ಯಾಕ್ಟರಿಗೆ ಹೊದಿಸುವ ತಾಡಪಾಲುಗಳು ಹಿಡಿದುಕೊಂಡಿವೆ. ಅಂದಾನೆಪ್ಪನನ್ನೇ ಕೇಳಿದರೆ ಅಂಗಡಿ ಅವನ ಉಪಕಸುಬು. ಮುಖ್ಯ ಕಸುಬು ನ್ಯಾಯ ಬಗೆಹರಿಸುವುದು.

ಈ ಹುದ್ದೆಗೆ ಅವನನ್ನು ನೇಮಿಸಿದವರು ಯಾರೂ ಇಲ್ಲ. ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಅಂಗಳಕ್ಕೆ ಹರಿದರೆ, ಬೀಗರು ಬೀಗರಲ್ಲಿ ಮುನಿಸಾದರೆ, ಅಂದಾನೆಪ್ಪ ಕರೆಯದೆಯೇ ಹೋಗುತ್ತಾನೆ. ಮಳೆ ಇರಲಿ ಬಿಡಲಿ, ಕೈಯಲ್ಲೊಂದು ಕೊಡೆ. ಮಾತಿಗೆ ಮುಂಚೆ ಒಂದು ಕೆಮ್ಮು. ಆ ಕೆಮ್ಮು ಕೇಳಿದ ಕೂಡಲೇ, ಇನ್ನು ತಾವು ಒಂದಾಗದಿದ್ದರೆ ಈ ಮನುಷ್ಯ ಊಟದ ಹೊತ್ತಿನವರೆಗೂ ಏಳುವುದಿಲ್ಲ ಎಂಬುದು ಜಗಳಗಂಟರಿಗೆ ಹೊಳೆಯುತ್ತದೆ. ಅವನು ಮಾಡಿಸಿದ ರಾಜಿಗಳಲ್ಲಿ ಅರ್ಧ ಹೀಗೆಯೇ ಆದವು. "ಊರ ನ್ಯಾಯ ಹರಿದು ಬರ್ತಾರ, ಮನ್ಯಾಗಿನ ನಲ್ಲಿ ಸೋರಕೋತ ಕುಂತೈತಿ" ಎಂದು ಹೆಂಡತಿ ಗೌರವ್ವ ಬಂದವರಿಗೆಲ್ಲ ಹೇಳುತ್ತಾಳೆ. ಅಂದಾನೆಪ್ಪ ಅದನ್ನೂ ಹೊಗಳಿಕೆಯೆಂದೇ ತಿಳಿಯುತ್ತಾನೆ.

ಇಂಥವನಿಗೆ ತನ್ನ ಅಂಗಡಿ ಕಟ್ಟೆಯ ನ್ಯಾಯವೊಂದು ಮಾತ್ರ ಬಗೆಹರಿದಿರಲಿಲ್ಲ.

ಐತವಾರ ಮಧ್ಯಾಹ್ನ ಆ ಕಟ್ಟೆಯ ಮೇಲೆ ನಾಲ್ವರು ಕೂಡುವುದು ಬಹಳ ವರ್ಷಗಳ ರೂಢಿ. ಅಂದಾನೆಪ್ಪ, ನೀರೆತ್ತುವ ಪಂಪು ರಿಪೇರಿ ಮಾಡುವ ಮಹಮ್ಮದಸಾಬ, ರೋಣದ ಬಸ್ಸಿನ ಕಂಡಕ್ಟರ್ ಕಲ್ಲೇಶ, ಮತ್ತು ಅಂದಾನೆಪ್ಪನ ಜೊತೆ ಒಂದೇ ಶಾಲೆಯಲ್ಲಿ ಓದಿ ಮುಂದೆ ಮಾಸ್ತರನಾಗಿ ನಿವೃತ್ತನಾದ ಮುತ್ತಣ್ಣ. ಇಸ್ಪೀಟು, ಎಲೆ ಅಡಿಕೆ, ಊರ ಸುದ್ದಿ. ಎಲೆಗೆ ಸುಣ್ಣ ಮಾತ್ರ ಮುತ್ತಣ್ಣನ ಡಬ್ಬಿಯದೇ ಆಗಬೇಕು. ಅವನ ಅಪ್ಪನ ಕಾಲದ ಹಿತ್ತಾಳೆ ಡಬ್ಬಿ ಅದು, ಮುಚ್ಚಳದ ಮೇಲೊಂದು ತಗ್ಗು. ಎಲ್ಲರ ಕೈಗೂ ಹೋಗಿ ಬರುತ್ತಿತ್ತು.

ಚಳಿಗಾಲದ ಒಂದು ಐತವಾರ ಅದು ಹೋಯಿತು, ಬರಲಿಲ್ಲ.

ಕಟ್ಟೆ ಹುಡುಕಿದರು, ಗಟಾರಕ್ಕೆ ಕೋಲು ಹಾಕಿದರು, ಹಗ್ಗದ ಸುರುಳಿಗಳನ್ನೆಲ್ಲ ಝಾಡಿಸಿದರು. ಸಿಗಲಿಲ್ಲ. ಮುತ್ತಣ್ಣ ಯಾರಿಗೂ ಏನೂ ಅನ್ನಲಿಲ್ಲ. ಆದರೆ ಮುಂದಿನ ವಾರದಿಂದ ಅವನು ಒಂದು ಕೈಯನ್ನು ತನ್ನ ಕೋಟಿನ ಕಿಸೆಯ ಮೇಲೆಯೇ ಇಟ್ಟುಕೊಂಡು ಕೂಡತೊಡಗಿದ. ನಿವೃತ್ತಿಯ ದಿನ ತೊಟ್ಟ ಕರಿ ಕೋಟು ಅದು. ಒಳಗಿನ ಕೆಂಪು ಅಸ್ತರ ಹರಿದು ಕೆಳಗೆ ಇಣುಕುತ್ತದೆ, ಬೇಸಿಗೆಯಲ್ಲೂ ಮೈಮೇಲಿಂದ ಇಳಿಯುವುದಿಲ್ಲ. ಇಸ್ಪೀಟನ್ನು ಒಂದೇ ಕೈಯಲ್ಲಿ ಆಡುತ್ತಿದ್ದ. ಇನ್ನೊಂದು ಕೈ ಕಾವಲಿಗೆ. ಬಾಯಿಬಿಟ್ಟು ಕಳ್ಳರೆಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಕೈಯ ಜೊತೆ ಜಗಳವಾಡುವುದು ಹೇಗೆ? ಮಹಮ್ಮದಸಾಬ ಒಂದು ವಾರ ತಪ್ಪಿಸಿದ. ಕಲ್ಲೇಶ ಡ್ಯೂಟಿ ಇದೆಯೆಂದ. ಹೊಸ ವರ್ಷದ ಹೊತ್ತಿಗೆ ಕಟ್ಟೆಯ ಮೇಲೆ ಇಬ್ಬರು ಕೂತು ಫೋನು ನೋಡುವಂತಾಯಿತು. ಅಂದಾನೆಪ್ಪ ಎಷ್ಟೋ ಸಲ ಕೆಮ್ಮಿ ನೋಡಿದ. ಗೆಳೆಯರ ಮುಂದೆ ಕೆಮ್ಮಿನ ನಂತರದ ಮಾತು ಬರಲಿಲ್ಲ.

ಆಗ ಧಾರವಾಡದಲ್ಲಿ ಓದುವ ಅವನ ತಮ್ಮನ ಮಗಳು ಐಶ್ವರ್ಯಾ ಕಾಲೇಜಿನ ಸೂಟಿಗೆ ಊರಿಗೆ ಬಂದಳು. ಅವಳ ಚೀಲದಲ್ಲಿ ಒಂದು ಆಟದ ಪುಸ್ತಕ, ಬಗೆಬಗೆಯ ದಾಳ. ಒಬ್ಬರು ಕಥೆ ನಡೆಸುವುದು, ಉಳಿದವರು ಆ ಕಥೆಯೊಳಗಿನ ಪತ್ತೇದಾರರಾಗಿ ಕೇಳಿ, ಹುಡುಕಿ, ಅಪರಾಧಿಯನ್ನು ಹಿಡಿಯುವುದು. ಹಾಸ್ಟೆಲ್ಲಿನಲ್ಲಿ ಆಡುತ್ತಾರಂತೆ.

"ಭೇಷ್! ನಮ್ಮ ಕಟ್ಟಿಗೂ ಅದನ್ನ ತರೋಣ" ಎಂದ ಅಂದಾನೆಪ್ಪ.

"ಹಂಗ ತರಾಕ ಬರಂಗಿಲ್ಲ ದೊಡ್ಡಪ್ಪ. ಎಲ್ಲಾ ಮಂದಿಗೂ ಈ ಆಟ ಹೊಂದಂಗಿಲ್ಲ. ಮೊದ್ಲ ವಿಚಾರ ಮಾಡ್ಬೇಕು. ನಿಮ್ಮವರಿಗೆ ಪ್ರಶ್ನಿ ಕೇಳೋದು ಸೇರ್ತೈತೇನು?"

"ಕಲ್ಲೇಶನ ಹೊಟ್ಟಿಪಾಡ ಅದರ ಮ್ಯಾಲ ನಡದೈತಿ. ದಿನಾ ಮಂದೀನ ಎಲ್ಲಿಗೆ, ಎಲ್ಲಿಗೆ ಅಂತ ಕೇಳ್ತಾನ."

"ಏನಾಗೇತಿ ತಿಳೀದ ತಾಸಗಟ್ಟಲೆ ಕುಂದ್ರೋ ತಾಳ್ಮಿ?"

"ಮಹಮ್ಮದಸಾಬ ಸುಟ್ಟ ಮೋಟರ್ ಮುಂದ ಮುಂಜಾನಿಂದ ಸಂಜಿತನ ಕುಂದರ್ತಾನ."

"ಕಥ್ಯಾಗ ಒಂದು ಖೂನಿ ಆದ್ರ ನಡೀತೈತಿ?"

"ಖೂನಿ ಬ್ಯಾಡವ್ವ, ಐತವಾರ. ಸಣ್ಣದೊಂದು ಕಳುವು ಇರ್ಲಿ."

"ಒಬ್ಬರ ಮ್ಯಾಲ ಒಬ್ಬರು ಸಂಶೆ ಪಡೋದು?"

ಅಂದಾನೆಪ್ಪ ತಾಡಪಾಲಿನ ಮಡಿಕೆಯನ್ನು ಸುಮ್ಮನೆ ಸರಿಪಡಿಸಿದ. "ಆ ರೂಢಿ ಈಗೀಗ ಆಗೇತಿ ತಂಗಿ" ಎಂದ.

ಆಟದ ನೆವದಿಂದಲಾದರೂ ನಾಲ್ವರು ಕೂಡಲಿ ಎಂಬುದು ಅವನ ಆಸೆ. ಮನೆ ಮನೆಗೆ ತಾನೇ ಹೋಗಿ ಕರೆದ. ಐತವಾರ ಎಲ್ಲರೂ ಬಂದರು. ಮುತ್ತಣ್ಣ, ಕಿಸೆಯ ಮೇಲಿನ ಕೈ ಸಮೇತ.

ಐಶ್ವರ್ಯಾ ಕಥೆ ಶುರು ಮಾಡಿದಳು. ಎಲ್ಲಿಯೂ ಇಲ್ಲದ ಒಂದು ಊರು. ಮದುವೆಮನೆಯಲ್ಲಿ ಬೋರಮಾಳ ಸರ ಕಳುವಾಗಿದೆ. ಅಂದಾನೆಪ್ಪ ಪೊಲೀಸ್ ಫೌಜದಾರ, ಉಳಿದವರು ಅವನ ಕೈಕೆಳಗಿನವರು.

"ಆ ಊರಿಗೆ ಬಸ್ ಯಾವ ಕಡಿಂದ ಹೋಗ್ತೈತಿ?" ಎಂದು ಕಲ್ಲೇಶ ಕೇಳಿದ.

"ಕಲ್ಲೇಶಣ್ಣ, ಊರ ಇಲ್ರಿ ಅದು."

"ಇಲ್ಲದ ಊರಿಗೆ ಹೋಗೂದು ಹ್ಯಾಂಗವ್ವ? ಟಿಕೀಟು ಹರಿಯಾಕ ಸ್ಟೇಜರ ಗೊತ್ತಾಗಬೇಕಲ್ಲ."

ಮೊದಲು ಸಂಶಯದ ಹೆಂಗಸೊಬ್ಬಳ ಮನೆ. ಆ ಹೆಂಗಸೂ ಐಶ್ವರ್ಯಾಳೇ. "ಬರ್ರಿ ಸಾಹೇಬ್ರ, ನಾ ಕಳಕವ್ವ" ಎಂದು ಸೆರಗು ಸರಿಪಡಿಸಿಕೊಂಡಳು. ಫೌಜದಾರ ಕೆಮ್ಮಿದ. ಎಲ್ಲರೂ ಕಿವಿ ನೆಟ್ಟಗೆ ಮಾಡಿದರು.

"ಯವ್ವಾ, ನಿನ್ನ ತವರು ಮನಿ ಯಾವೂರು?"

ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. "ಕೊಣ್ಣೂರ್ರಿ" ಎಂದಳು ಬಾಯಿಗೆ ಬಂದದ್ದು.

"ಕೊಣ್ಣೂರು? ಹೊಳಿ ದಂಡಿ ಮ್ಯಾಲಿನ ಮನಿಯವರೇನು?" ಎಂದ ಮಹಮ್ಮದಸಾಬ. "ಅವರ ಪಂಪ್ ಸೆಟ್ ನಾನ ಕಟ್ಟಿದ್ದು. ಹೊಳಿ ಬಂದಾಗ ನೀರಾಗ ಹೋತು, ಪಾಪ. ಹುಡುಗಿ ಇಲ್ಲಿ ಕೊಟ್ಟಾರಂತ ಗೊತ್ತ ಇರ್ಲಿಲ್ಲ ನೋಡು."

ಆಮೇಲೆ ಕಳಕವ್ವನಿಗೆ ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಅತ್ತೆ ಹೇಗಿದ್ದಾಳೆ. ಕಳಕವ್ವ ಚಹ ಕೊಟ್ಟಳು, ಫೌಜದಾರರು ಕಥೆಯೊಳಗೇ ಕುಡಿದರು. "ಸರದ ವಿಷ್ಯಾ ಕೇಳ್ರಿ!" ಎಂದು ಐಶ್ವರ್ಯಾ ನೆನಪಿಸಿದಳು.

"ಚಾ ಕುಡದ ಮನ್ಯಾಗ ಹ್ಯಾಂಗ ಕೇಳೋದವ್ವ?" ಎಂದ ಅಂದಾನೆಪ್ಪ.

ಮುತ್ತಣ್ಣ ಒಮ್ಮೆಲೇ ನಡುವೆ ಬಾಯಿ ಹಾಕಿದ. "ಕೇಳೋದೇನು, ಮನಿ ಝಡತಿ ಮಾಡ್ರಿ, ಮೂಲಿ ಮೂಲಿ ಹುಡುಕ್ರಿ. ಯಾರ ತಗೊಂಡಾರ ಅನ್ನೋದು ಗೊತ್ತಾಗಬೇಕೋ ಬ್ಯಾಡೋ?"

ಮಹಮ್ಮದಸಾಬ ತನ್ನ ಉಗುರೊಳಗಿನ ಗ್ರೀಸು ನೋಡತೊಡಗಿದ. ಕಲ್ಲೇಶ ರಸ್ತೆಯಲ್ಲಿ ಇಲ್ಲದ ಬಸ್ಸನ್ನು ನೋಡಿದ. ಕೇಳಿದ್ದು ಸರದ ಬಗ್ಗೆ ಅಲ್ಲ ಎಂದು ಐಶ್ವರ್ಯಾ ಒಬ್ಬಳನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

ಅಂದಾನೆಪ್ಪ ಮತ್ತೆ ಕೆಮ್ಮಿದ. ಈ ಸಲ ಮಾತು ಬಂತು. "ಝಡತಿ ಬ್ಯಾಡ. ನಮ್ಮಜ್ಜ ಒಂದು ರೀತಿ ಹೇಳ್ತಿದ್ದ. ಊರಾಗ ಸಾಮಾನು ಕಳದ್ರ ಮನಿಗೊಂದು ಬುಟ್ಟಿ ಹೊಟ್ಟು ತಂದು ಒಂದ ಕಡೆ ಸುರುವಬೇಕು. ಬುಟ್ಟ್ಯಾಗ ಏನೈತಿ ಅಂತ ಯಾರೂ ಇಣುಕಬಾರ್ದು. ತಗೊಂಡವರು ಹೊಟ್ಟಿನ್ಯಾಗ ಸಾಮಾನು ಇಟ್ಟು ತಂದು ಸುರುವಿ ಹೋಗ್ತಾರ. ಸಾಮಾನು ಬರ್ತೈತಿ, ಹೆಸರು ಬರಂಗಿಲ್ಲ. ಈ ಊರಿಗೂ ಅದ ಹುಕುಂ."

ಐಶ್ವರ್ಯಾ ಪುಸ್ತಕ ತಿರುವಿದಳು. ಹುಕುಂ ಫಲಿಸುತ್ತದೋ ಇಲ್ಲವೋ ಎಂದು ದಾಳ ಹಾಕಿಸಿದಳು. ದಾಳವೂ ಅಂದಾನೆಪ್ಪನ ಕಡೆಗೇ ಬಿತ್ತು. ಬೇರೆ ದಾರಿ ಕಾಣದೆ, "ಹೊಟ್ಟಿನ್ಯಾಗ ಸರ ಸಿಕ್ತು" ಎಂದಳು.

"ಮುಗೀತಲ್ಲ!" ಎಂದು ಫೌಜದಾರ ತೊಡೆ ತಟ್ಟಿದ.

"ಎಲ್ಲಿ ಮುಗೀತು ದೊಡ್ಡಪ್ಪ? ಕಳ್ಳರು ಯಾರಂತ ಗೊತ್ತ ಆಗ್ಲಿಲ್ಲ! ಇಡೀ ಸಂಜಿ ಆಡೋ ಆಟ ನೀವು ಒಂದ ಚಾದಾಗ ಮುಗಿಸಿದ್ರಿ. ಈ ಆಟ ನಿಮ್ಮ ಮಂದಿಗೆ ಹೊಂದಂಗಿಲ್ಲ ಬಿಡ್ರಿ."

"ಗೊತ್ತಾಗಿ ಏನ್ಮಾಡ್ತಿ? ತಗೊಂಡಾಕಿ ನಾಳೆ ಅದ ಊರಾಗ ನೀರು ತುಂಬಬೇಕಲ್ಲ."

ಐಶ್ವರ್ಯಾಳಿಗೆ ಸಿಟ್ಟು ಬಂದು ದಾಳ ಚೀಲಕ್ಕೆ ಹಾಕಿದಳು. ಮುತ್ತಣ್ಣ ಎದ್ದು ನಿಂತ. ಹೊರಡುವ ಮೊದಲೇ ಅಂದಾನೆಪ್ಪ, ಯಾರ ಮುಖವನ್ನೂ ನೋಡದೆ, ಎದುರಿನ ಗೋಡೆಗೆ ಹೇಳಿದ: "ಮುಂದಿನ ಐತವಾರ ನಾಲ್ಕೂ ಮಂದಿ ಒಂದೊಂದು ಬುಟ್ಟಿ ಹೊಟ್ಟು ತರ್ರಿ. ಖರೇ ಹೊಟ್ಟು."

"ಡಬ್ಬಿ ಹೋಗಿದ್ದು ನಂದು. ನಾ ಯಾಕ ತರ್ಲಿ?" ಎಂದ ಮುತ್ತಣ್ಣ.

"ನಾಲ್ಕೂ ಮಂದಿ ಅಂದ್ರ ನಾಲ್ಕೂ ಮಂದಿ ಮಾಸ್ತರ. ನೀನೂ ಕಟ್ಟಿಯವನ ಅಲ್ಲೇನು?"

ಆ ವಾರ ಅಂದಾನೆಪ್ಪ ಕೊಡೆ ಹಿಡಿದು ಯಾವ ಜಗಳಕ್ಕೂ ಹೋಗಲಿಲ್ಲ. ಪೇಟೆಗೆಂದು ಗಜೇಂದ್ರಗಡದ ಬಸ್ ಹತ್ತಿದ್ದನ್ನು ಮಾತ್ರ ಕಂಡವರಿದ್ದಾರೆ.

ಐತವಾರ ಬಂತು. ಅಂಗಡಿಯೊಳಗೆ ಒಂದು ತಾಡಪಾಲು ಹಾಸಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಸುರಿದು ಬಂದರು. ಮುತ್ತಣ್ಣ ಕೊನೆಗೆ ಬಂದ. ಮೈಮೇಲೆ ಕೋಟಿರಲಿಲ್ಲ. ಬರಿ ಅಂಗಿಯಲ್ಲಿ ಅವನನ್ನು ಕಂಡು ಕಲ್ಲೇಶ, "ಮಾಸ್ತರ, ಗುರುತ ಸಿಗಲಿಲ್ಲ ನೋಡ್ರಿ, ಕೋಟೆಲ್ಲಿ?" ಎಂದ.

"ಹೊಲಿಯಾಕ ಕೊಟ್ಟೇನಿ" ಎಂದು ಮುತ್ತಣ್ಣ ಬುಟ್ಟಿ ಹಿಡಿದು ಒಳಗೆ ನಡೆದ.

ಎಲ್ಲರೂ ಸುತ್ತ ಕೂತು ಹೊಟ್ಟು ಕೆದಕಿದರು. ಮೊದಲು ಒಂದು ಹೊಸ ಹಿತ್ತಾಳೆ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಕಲ್ಲಿನಿಂದ ಜಜ್ಜಿ ಮಾಡಿದ ತಗ್ಗು. ಆಮೇಲೆ ಯಾವುದೋ ಮೋಟರಿನ ತಗಡಿನಿಂದ ಮಾಡಿದ, ಗ್ರೀಸಿನ ವಾಸನೆಯ ಇನ್ನೊಂದು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಮಾರುವ ಹಸಿರು ಪ್ಲಾಸ್ಟಿಕ್ಕಿನದು. ಯಾರು ಯಾವುದನ್ನು ಇಟ್ಟರೆಂದು ತಿಳಿಯಲು ಫೌಜದಾರನೇ ಬೇಕಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಇನ್ನಷ್ಟು ಜೋರಾಗಿ ಕೆದಕತೊಡಗಿದರು.

ತಳದಲ್ಲಿ ಹಳೆಯ ಡಬ್ಬಿ ಸಿಕ್ಕಿತು. ಅದೇ ಹಿತ್ತಾಳೆ, ಅದೇ ತಗ್ಗು. ಎತ್ತಿಕೊಂಡದ್ದು ಅಂದಾನೆಪ್ಪ. ಮುಚ್ಚಳದ ಕೀಲಿನ ಸಂದಿಗೆ ಒಂದು ಕೆಂಪು ದಾರ ಸಿಕ್ಕಿಕೊಂಡಿತ್ತು, ಕೋಟಿನ ಅಸ್ತರದ ದಾರ. ಡಬ್ಬಿ ಇಷ್ಟು ದಿನ ಎಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಹರಿದ ಕಿಸೆಯಿಂದ ಅಸ್ತರದೊಳಕ್ಕೆ ಜಾರಿ, ಅದನ್ನು ಕಾಯುತ್ತಿದ್ದ ಕೈಯ ಕೆಳಗೇ ಕೂತಿತ್ತು. ಅಂದಾನೆಪ್ಪ ದಾರ ನೋಡಿದ. ಐಶ್ವರ್ಯಾಳೂ ನೋಡಿದಳು. ಮುತ್ತಣ್ಣ ನೆಲ ನೋಡುತ್ತಿದ್ದ.

ಊರಿಗೆಲ್ಲ ಕೇಳುವಂತೆ ತೀರ್ಪು ಹೇಳುವ ಅಂದಾನೆಪ್ಪ ಅಂದು ಕೆಮ್ಮಲಿಲ್ಲ. ಹೆಬ್ಬೆರಳಿನಿಂದ ದಾರ ಕಿತ್ತು, ಡಬ್ಬಿಯ ಮೇಲೆ ಉಫ್ ಎಂದು ಊದಿ, "ಭಾಳ ಹೊಟ್ಟು ಹತ್ತೇತಿ" ಎಂದು ಮುತ್ತಣ್ಣನ ಕೈಗಿಟ್ಟ.

"ದೊಡ್ಡಪ್ಪ, ಆ ದಾರ..." ಎಂದಳು ಐಶ್ವರ್ಯಾ.

"ಹಗ್ಗದ ಅಂಗಡ್ಯಾಗ ದಾರ ಬಿಟ್ಟು ಇನ್ನೇನ್ ಇರ್ತೈತಿ ತಂಗಿ?"

ಅವಳು ಒಂದು ಕ್ಷಣ ದೊಡ್ಡಪ್ಪನ ಮುಖ ನೋಡಿದಳು. ಹಾಸ್ಟೆಲ್ಲಿನಲ್ಲಾಗಿದ್ದರೆ ಇಷ್ಟೊತ್ತಿಗೆ ಎದ್ದು ನಿಂತು ಹೆಸರು ಹೇಳಿ ಗೆದ್ದಿರುತ್ತಿದ್ದಳು. ಇಲ್ಲಿ ಎಲ್ಲರ ಜೊತೆ ಹೊರಗೆ ಬಂದು ಚೀಲದಿಂದ ದಾಳ ತೆಗೆದು ಕಟ್ಟೆಯ ಮೇಲಿಟ್ಟಳು. "ಆಟ ಹೊಂದತೈತಿ ದೊಡ್ಡಪ್ಪ. ಕಥಿ ನಾ ಬ್ಯಾರೆ ಬರೀತೀನಿ. ಯಾರು ತಗೊಂಡ್ರು ಅಂತಲ್ಲ, ಹ್ಯಾಂಗ ತಿರುಗಿ ಬಂತು ಅಂತ."

"ಅದರಾಗ ಚಾ ಇರ್ಲಿ" ಎಂದ ಮಹಮ್ಮದಸಾಬ.

"ಬಸ್ಸೂ ಇರ್ಲಿ" ಎಂದ ಕಲ್ಲೇಶ.

"ಫೌಜದಾರ ನಾನ ಇರ್ಲಿ" ಎಂದ ಅಂದಾನೆಪ್ಪ. ಈಗ ಕೆಮ್ಮಿದ.

ಮುತ್ತಣ್ಣ ನಾಲ್ಕು ಎಲೆಗೆ ಸುಣ್ಣ ಹಚ್ಚಿದ. ಎಲ್ಲರಿಗೂ ಕೊಟ್ಟ. ಆಮೇಲೆ "ಇವತ್ತಿನ ಚಾ ನಂದು" ಎಂದು ಎದ್ದು, ಎರಡೂ ಕೈ ಬೀಸುತ್ತ ರಸ್ತೆ ದಾಟಿ ಹೋಟೆಲಿನ ಕಡೆ ನಡೆದ. ಡಬ್ಬಿ ಕಟ್ಟೆಯ ಮೇಲೆಯೇ ಇತ್ತು.