ಲಿಮಾದಿಂದ ಸಾವೊ ಪೌಲೊಗೆ ಒಂದು ಗಂಟೆ

ಕರಾವಳಿಯ ಶಿರ್ವದ ಪರ್ಪೆಚುವಾ ಇಲ್ಲಿ, ದೋಹಾ ಬಳಿಯ ಅಲ್ ಖೋರ್‌ನಲ್ಲಿ, ನಮ್ಮ ಮೇಲಿನ ಮನೆಯಲ್ಲಿದ್ದಾಳೆ. ಶಾಲೆಯೊಂದರ ಕಚೇರಿಯಲ್ಲಿ ಬಹಳ ವರ್ಷಗಳಿಂದ ಗುಮಾಸ್ತೆ. ಕೆಲಸದಲ್ಲಿ ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪುವವಳಲ್ಲ. ಗಂಡನ ಮಾತನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿದವಳಲ್ಲ. ಇದನ್ನು ಗುಣವೆಂದು ಎಣಿಸುವವರಿದ್ದಾರೆ. ನಾನು ಎಣಿಸುವುದಿಲ್ಲ.

ಗಂಡ ಜೇಕಬ್ ಗ್ಯಾಸ್ ಕಂಪನಿಯೊಂದರ ಸೂಪರ್‌ವೈಸರ್. ಹೋದ ವರ್ಷ ಅವನಿಗೆ ದಕ್ಷಿಣ ಅಮೆರಿಕಕ್ಕೆ ವರ್ಗವಾಯಿತು. ಊರು ಪೆರುವಿನ ಲಿಮಾ ಎಂದ. ಅಲ್ಲಿ ಬ್ಯಾಚುಲರ್ ಕ್ವಾರ್ಟರ್ಸ್ ಮಾತ್ರ, ಕುಟುಂಬ ತರುವಂತಿಲ್ಲ, ಖಲಾಸ್. ಈಚೆಗೆ ಇನ್ನೊಂದು ಮಾತು ಸೇರಿಸಿದ್ದ: ಅವಳು ಕೆಲಸ ಬಿಟ್ಟು ಮಗಳು ಶರಲ್‌ಳೊಂದಿಗೆ ಶಿರ್ವಕ್ಕೆ ಹೋಗಲಿ, ತಾನು ನೇರ ಅಲ್ಲಿಗೇ ಬರುತ್ತೇನೆ. ತಿಂಗಳ ಕೊನೆಗೆ ರಾಜೀನಾಮೆ ಕೊಡುವುದೆಂದು ಅವಳು ತೀರ್ಮಾನಿಸಿಯೂ ಆಗಿತ್ತು.

ಸಂಜೆ ಆರಕ್ಕೆ ಅವರ ಮನೆಯಲ್ಲಿ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಜೇಕಬ್ ಫೋನಿನಲ್ಲಿ ಸೇರಿಕೊಳ್ಳುತ್ತಿದ್ದ. ಲಿಮಾದಲ್ಲಿ ಆಗ ಬೆಳಗಿನ ಹತ್ತು, ತನಗೆ ಚಹಾದ ಬಿಡುವು ಎನ್ನುತ್ತಿದ್ದ. ಈಚೆಗೆ ಪ್ರಾರ್ಥನೆ ಶುರುವಾಗುವಾಗಲೇ ಅವನ ಕಡೆಯಿಂದ ಇಗರ್ಜಿಯ ಗಂಟೆ ಕೇಳುತ್ತಿತ್ತು. ಮೂರು ಬಡಿತ, ಬಿಡುವು, ಮತ್ತೆ ಮೂರು. ಊರಿನಲ್ಲಿ ಸಂಜೆ ಆರಕ್ಕೆ ಹೀಗೆಯೇ ಬಡಿಯುತ್ತಾರೆ. ಇಲ್ಲಿ ಆ ಗಂಟೆಯಿಲ್ಲ. ಕೇಳಿದಾಗ ಅವಳಿಗೆ ಸಂತೋಷವೇ ಆಯಿತು. ಅಲ್ಲಿ ಸಂಜೆಯಲ್ಲ ಎಂದು ಹೊಳೆಯಲು ಒಂದು ವಾರ ಬೇಕಾಯಿತು. ಆ ಗಂಟೆ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಬಡಿಯುತ್ತದೆ. ಹತ್ತಕ್ಕೆ ಎಲ್ಲಿಯೂ ಬಡಿಯುವುದಿಲ್ಲ.

ಕೇಳಿದಳು. ಈವತ್ತು ಆಫೀಸಿನ ಕೆಲಸಕ್ಕೆಂದು ಬ್ರೆಜಿಲಿನ ಸಾವೊ ಪೌಲೊಗೆ ಬಂದಿದ್ದೇನೆ, ಇಲ್ಲಿ ಗಂಟೆ ಹನ್ನೆರಡು, ವಿಮಾನದಲ್ಲಿ ಒಂದೇ ಗಂಟೆಯ ದಾರಿ, ದೋಹಾದಿಂದ ಬಹ್ರೇನ್‌ಗೆ ಹೋದ ಹಾಗೆ ಎಂದನಂತೆ.

ಮರುದಿನ ಅವಳು ನಮ್ಮಲ್ಲಿಗೆ ಬಂದಳು. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸಿದವಳು.

"ಟೀಚರಮ್ಮ, ಲಿಮಾದಿಂದ ಸಾವೊ ಪೌಲೊ ಎಷ್ಟು ದೂರ ಉಂಟು?"

ಸುಮಾರು ಮೂರೂವರೆ ಸಾವಿರ ಕಿಲೋಮೀಟರ್, ಹಾರಾಟವೇ ಐದು ಗಂಟೆ ಎಂದೆ. ನಮ್ಮವರ ಅಳತೆಗೋಲು ಊರಿನ ದಾರಿಯೇ ಆದ್ದರಿಂದ, ಇಲ್ಲಿಂದ ಮಂಗಳೂರಿಗಿಂತಲೂ ದೂರ ಎಂದು ಸೇರಿಸಿದೆ.

"ಈವತ್ತು ಬಂದದ್ದು ಅಂತಾರೆ, ನಾನು ವಾರ ಪೂರ್ತಿ ಗಂಟೆ ಕೇಳಿದ್ದೇನೆ," ಎಂದಳು. ಆಮೇಲೆ ದೋಹಾದಿಂದ ನೇರ ವಿಮಾನ ಯಾವ ಊರಿಗೆ ಎಂದು ಕೇಳಿದಳು. ಸಾವೊ ಪೌಲೊಗೆ ಇದೆ, ಲಿಮಾಗೆ ಇಲ್ಲ ಎಂದೆ. ಸಮಾಧಾನ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಅಂದು ಸಂಜೆ ಶರಲ್‌ಳನ್ನು ಟ್ಯೂಷನ್ನಿಗೆ ಕಳುಹಿಸಿ ಫೋನ್ ಮಾಡಿ, ನಾನು ಹೇಳಿದ ದೂರವನ್ನು ಅವನ ಮುಂದಿಟ್ಟಳು. ಅವರ ಮಾತನ್ನು ಆಮೇಲೆ ಅವಳೇ ನನಗೆ ಹೇಳಿದಳು.

"ಆ ಟೀಚರಮ್ಮ ನಿನ್ನ ತಲೆ ಕೆಡಿಸಿದಳಾ?" ಎಂದನಂತೆ ಜೇಕಬ್.

"ಅವರು ದೂರ ಮಾತ್ರ ಹೇಳಿದ್ದು. ಉಳಿದದ್ದನ್ನು ನೀವು ಹೇಳಿ. ನೇರ ವಿಮಾನ ಹತ್ತಿ ನಾನು ಬಂದು ಇಳಿದೇನು ಅಂತಲೇ ಅಲ್ವಾ ಸಾವೊ ಪೌಲೊ ಮುಚ್ಚಿಟ್ಟು ಲಿಮಾ ಅಂದದ್ದು? ಅಲ್ಲಿ ಯಾರಿದ್ದಾರೆ?"

ಮೊದಲು ಬೈದ. ಆಮೇಲೆ ಒಪ್ಪಿಕೊಂಡ. ವರ್ಗವಾದದ್ದೇ ಸಾವೊ ಪೌಲೊಗೆ, ಅಲ್ಲಿ ಒಬ್ಬಳೊಂದಿಗೆ ಮನೆ ಮಾಡಿದ್ದಾನೆ, ಈಚೆಗೆ ಇಗರ್ಜಿಯ ಪಕ್ಕಕ್ಕೆ ಬಂದಿದ್ದಾರೆ. ಶಿರ್ವದಲ್ಲಾದರೆ ನನ್ನ ತಾಯಿ ಜೊತೆಗಿರುತ್ತಾರೆ, ವಿಷಯ ಗೊತ್ತಾದಾಗ ನೀನು ಒಂಟಿಯಾಗಬಾರದು ಅಂತ ಅಲ್ಲಿಗೆ ಹೋಗು ಅಂದೆ ಎಂದ. ಅವನು ಇದನ್ನು ದಯೆಯೆಂದೇ ತಿಳಿದಿದ್ದ. ಮೋಸಕ್ಕಿಂತ ಈ ಏರ್ಪಾಡು ಅವಳಿಗೆ ಹೆಚ್ಚು ಚುಚ್ಚಿತು.

ಪರ್ಪೆಚುವಾ ರಾಜೀನಾಮೆ ಕೊಡಲಿಲ್ಲ. ಗಂಡನ ಹೆಸರಿನಲ್ಲಿದ್ದ ಮಗಳ ರೆಸಿಡೆನ್ಸಿ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಲು ಏನು ಬೇಕೆಂದು ವಿಚಾರಿಸಿ ಬಂದಳು. ಶರಲ್‌ಗೆ ಏನು ಹೇಳಿದೆ ಎಂದು ಕೇಳಿದೆ.

"ಶಿರ್ವಕ್ಕೆ ಹೋಗುವುದಿಲ್ಲ, ಇಲ್ಲೇ ಇರ್ತೇವೆ ಅಂದೆ. ಪಪ್ಪ ಯಾವಾಗ ಬರ್ತಾರೆ ಅಂತ ಅವಳು ಕೇಳಲಿಲ್ಲ."