ಕಾಯಿಸಲು ಬಿಡದ ತಮಟೆ

ನಮ್ಮ ತಮಟೆಯವನು ಬ್ಯಾಂಡ್ ಬಿಟ್ಟದ್ದು ಅಹಂಕಾರದಿಂದ ಎಂದು ನಮ್ಮ ಗಾಯಕ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಕೇಳಿದವರು ತಲೆಯಾಡಿಸುತ್ತಾರೆ. ಪುರಾವೆ ಏನು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆವತ್ತು ಅದೇ ಕೋಣೆಯಲ್ಲಿ ಬೇಸ್ ಗಿಟಾರ್ ಹಿಡಿದು ಕೂತಿದ್ದ ನಾನು ಕಂಡದ್ದು ಬೇರೆ.

ನಮ್ಮ ಮೊದಲ ಆಲ್ಬಮ್. ಸಿದ್ಧಾರ್ಥನಗರದ ಮನೆಯೊಂದರ ಮಹಡಿಯಲ್ಲಿ ಸ್ಟುಡಿಯೊ. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಬಿಗಿಯಾಗಿ ಗದರುತ್ತದೆ. ತಣ್ಣಗಾದರೆ ಸಡಿಲಗೊಂಡು ಸದ್ದು ಸಾಯುತ್ತದೆ. ಅವನು ಹೂಟಗಳ್ಳಿಯಿಂದ ಚೀಲದ ತುಂಬ ಒಣಹುಲ್ಲು ತಂದು, ತಾರಸಿಯಲ್ಲಿ ಕಾಯಿಸಿಕೊಂಡೇ ಒಳಗೆ ಬಂದಿದ್ದ. ಒಂದು ಹಾಡು ಮುಗಿಯುವಷ್ಟರಲ್ಲಿ ಎ.ಸಿ. ಗಾಳಿಗೆ ಚರ್ಮ ಇಳಿಯಿತು.

“ಸಾರ್, ಎ.ಸಿ. ಆಫ್ ಮಾಡಿ. ಇಲ್ಲಾಂದ್ರೆ ಇನ್ನೊಂದ್ಸಲ ಕಾಯಿಸ್ಕೊಂಡು ಬಂದ್ಬುಡ್ತೀನಿ,” ಎಂದ.

ಪ್ರೊಡ್ಯೂಸರ್ ಮೂಗು ಮುಚ್ಚಿಕೊಂಡರು. “ಆ ಹೊಗೆ ವಾಸ್ನೆ ಇನ್ನೂ ಹೋಗಿಲ್ಲ ಕಣಪ್ಪಾ. ಎ.ಸಿ. ಆಫ್ ಮಾಡಿದ್ರೆ ನನ್ನ ಮಷೀನೆಲ್ಲ ಬಿಸಿಯಾಗುತ್ತೆ. ನೀನು ಸುಮ್ನೆ ಬಾರ್ಸು, ಆಮೇಲೆ ನಾನು ಸರಿ ಮಾಡ್ಕೋತೀನಿ.”

ಪಾಪ, ಬಾರಿಸಿದ. ವಾರದ ಮೇಲೆ ನಮ್ಮೈವರನ್ನೂ ಕೂರಿಸಿ ಕೇಳಿಸಿದರು. ಅವನ ಒಂದೊಂದು ಏಟನ್ನೂ ಕಿತ್ತು, ಕಂಪ್ಯೂಟರಿನಲ್ಲಿದ್ದ ಯಾವುದೋ ರೆಡಿಮೇಡ್ ಡ್ರಮ್ಮಿನ ಸದ್ದು ಅಂಟಿಸಿದ್ದರು. ಮೊದಲಿನಿಂದ ಕೊನೆಯವರೆಗೆ ಒಂದೇ ಥರ, ಪ್ಲಾಸ್ಟಿಕ್ ಬಕೆಟ್ಟಿಗೆ ಬಡಿದ ಹಾಗೆ.

“ಇದ್ರಲ್ಲಿ ನಾನೆಲ್ಲಿದೀನಿ ಸಾರ್?”

“ನೀನು ಬಾರ್ಸಿದ್ದು ಡಲ್ ಇತ್ತಪ್ಪಾ.”

ಡಲ್ ಮಾಡಿದವರೇ ಡಲ್ ಎಂದು ತೀರ್ಪು ಕೊಡುವುದು! ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದ ಹೂಡಿದ್ದರೆ ವೇದಿಕೆಯಿಂದ ಇಳಿಸುತ್ತಿದ್ದರು. ಹಾಗಂತಲೇ ಹೇಳಿದೆ. ಕಾಯಿಸಿ ಮತ್ತೊಮ್ಮೆ ರೆಕಾರ್ಡ್ ಮಾಡೋಣ ಎಂದೂ ಹೇಳಿದೆ.

ಗಾಯಕ ನಕ್ಕ. “ಲೋ, ಕಪ್ ಗೆಲ್ಲಕ್ಕೆ ಬಂದಿದೀಯೇನೋ? ಬುಡೋ ಅತ್ಲಾಗೆ. ಕೇಳೋರಿಗೆ ಏನೂ ಗೊತ್ತಾಗಲ್ಲ ಕಣೋ.”

ಕೈ ಎತ್ತಿಸಿದ. ಅವರ ಕಡೆ ಮೂರು ಕೈ, ನಮ್ಮದು ಎರಡು. ತಮಟೆ ಹೆಗಲಿಗೆ ಹಾಕಿಕೊಂಡು ಅವನು ಮೆಟ್ಟಿಲಿಳಿದು ಹೋದ. ಬೈಯಲಿಲ್ಲ, ಬಾಗಿಲು ಕೂಡ ಜೋರಾಗಿ ಎಳೆಯಲಿಲ್ಲ. ಅಹಂಕಾರವಂತೆ, ಥೂ!

ಆಲ್ಬಮ್ ಹೊರಬಂದಾಗ ಮುಖಪುಟ ನೋಡಿದೆ. ನಡುಮಧ್ಯೆ, ನಮ್ಮೆಲ್ಲರಿಗಿಂತ ದೊಡ್ಡದಾಗಿ, ಕಣ್ಣು ಮುಚ್ಚಿ ತಮಟೆ ಬಾರಿಸುತ್ತಿರುವ ಅವನು! ಆರಿಸಿದವನು ಗಾಯಕನೇ, ‘ಮಣ್ಣಿನ ಫೀಲ್ ಬರುತ್ತೆ’ ಎಂದನಂತೆ. ನೇರ ಅಗ್ರಹಾರದಲ್ಲಿದ್ದ ಗಾಯಕನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಎರಡು ಸಲ ಕೇಳಿದೆ.

“ಅವನ ಒಂದು ಏಟೂ ಬೇಡ ಅಂತ ಕೈ ಎತ್ತಿದ ಮೇಲೆ, ಅವನ ಮುಖ ಯಾಕೋ ಬೇಕಿತ್ತು ನಿಂಗೆ?”