ಗಂಗಾಳ ತೊಳೆಯುವ ಯಂತ್ರ

೧೯೪೮ರ ಬೇಸಿಗೆಯ ಆರಂಭದಲ್ಲಿ ಬಳ್ಳಾರಿಯ ನಮ್ಮ ಮನೆಗೆ ಪಾತ್ರೆ ತೊಳೆಯುವ ಯಂತ್ರವೊಂದು ಬಂತು. ಕೌಲ್ ಬಜಾರಿನ ಹಳೆ ಸಾಮಾನಿನ ಅಂಗಡಿಯಿಂದ ಅಪ್ಪ ಅದನ್ನು ಜಟಕಾದಲ್ಲಿ ತಂದರು. ಜಟಕಾದವನು ಇಳಿಸಿಕೊಟ್ಟು ಇದೇನೆಂದು ಕೇಳಿದ. ಉತ್ತರ ಸಿಕ್ಕ ಮೇಲೂ ಸ್ವಲ್ಪ ಹೊತ್ತು ನಿಂತು ನೋಡಿ ಹೋದ.

ಯಂತ್ರ ಬರಲು ಕಾರಣ ಅವ್ವನ ಕೈ. ಮುಸುರಿ ಪಾತ್ರೆ ತಿಕ್ಕಲು ಬರುತ್ತಿದ್ದ ಹೆಣ್ಣುಮಗಳು ತನ್ನ ಮಗಳ ಬಾಣಂತನಕ್ಕೆಂದು ಕುರುಗೋಡಿಗೆ ಹೋದವಳು, ಅಲ್ಲಿ ಹತ್ತಿ ಬಿಡಿಸುವ ಸುಗ್ಗಿ ಶುರುವಾದ್ದರಿಂದ ಅಲ್ಲೇ ಉಳಿದಿದ್ದಳು. ಗಂಡಸರು ಮುಸುರಿ ಮುಟ್ಟುವ ರೂಢಿ ಮನೆಯಲ್ಲಿರಲಿಲ್ಲ. ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ನನ್ನನ್ನೂ ಗಂಡಸರ ಲೆಕ್ಕಕ್ಕೇ ಸೇರಿಸಿದ್ದರು. ಹೀಗಾಗಿ ಅಷ್ಟೂ ಪಾತ್ರೆ ಅವ್ವನ ಪಾಲಿಗೆ ಬಂದವು. ಬೂದಿಗೂ ಹುಣಿಸೆಗೂ ಅವಳ ಅಂಗೈ ಬಿರಿದು, ಬಿರುಕುಗಳು ಕೀವು ಕಟ್ಟಿದವು.

ಓಣಿಯ ಡಾಕ್ಟರು ಮುಲಾಮು ಹಚ್ಚಿ ಎರಡೂ ಕೈಗೆ ಬಟ್ಟೆ ಸುತ್ತಿದರು. ಅವ್ವ ಮರುದಿನ ಬೆಳಿಗ್ಗೆ ಅದನ್ನು ಬಿಚ್ಚಿದಳು. ಲಿಂಗಪೂಜೆ ಆಗದೆ ಅವಳು ಒಂದು ತುತ್ತೂ ಬಾಯಿಗಿಡುತ್ತಿರಲಿಲ್ಲ, ಆ ಪೂಜೆ ನಡೆಯುವುದು ಎಡ ಅಂಗೈಯ ಮೇಲೆ. ಬಟ್ಟೆ ಸುತ್ತಿದ ಕೈಯ ಮೇಲೆ ಲಿಂಗ ಇಡಲು ಅವಳು ಒಪ್ಪಲಿಲ್ಲ. ದಿನವೂ ಬಿಚ್ಚಿ, ನೀರೆರೆದು, ವಿಭೂತಿ ಹಚ್ಚಿ, ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಗಾಯ ಮಾಯಲಿಲ್ಲ. ಹೀಗೇ ಆದರೆ ಬೆರಳು ಮಡಚಲು ಬಾರದಂತಾದೀತು, ಪೂಜೆಯನ್ನಾದರೂ ಬಿಡಬೇಕು, ಬೂದಿಯನ್ನಾದರೂ ಬಿಡಬೇಕು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು.

ಪೂಜೆ ಬಿಡುವ ಮಾತನ್ನು ಅವ್ವನ ಎದುರು ಯಾರೂ ಎತ್ತಲಿಲ್ಲ. ಉಳಿದದ್ದು ಬೂದಿ.

ಅಪ್ಪ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕರಾಗಿದ್ದರು. ಬೀಜದಿಂದ ಅರಳೆ ಬಿಡಿಸುವ ಯಂತ್ರ ಇರುವಾಗ ಉಣ್ಣುವ ಗಂಗಾಳದಿಂದ ಎಂಜಲು ಬಿಡಿಸುವ ಯಂತ್ರವೂ ಇರಲೇಬೇಕೆಂಬುದು ಅವರ ವಾದ. ದಂಡು ಪ್ರದೇಶದ ಬಂಗಲೆಗಳನ್ನು ಖಾಲಿ ಮಾಡಿ ಹೊರಟ ಇಂಗ್ಲಿಷರ ಸಾಮಾನು ಆಗ ಕೌಲ್ ಬಜಾರಿಗೆ ಬರುತ್ತಿತ್ತು. ಅಂಗಡಿಯ ಸಾಹೇಬರು ಎರಡು ಯಂತ್ರ ತೋರಿಸಿದರು. ಒಂದು ಬಟ್ಟೆ ಒಗೆಯುವ ಮರದ ತೊಟ್ಟಿ. ಇನ್ನೊಂದು ತಗಡಿನ ದುಂಡು ಪೀಪಾಯಿ. ಒಳಗೆ ತಂತಿಯ ಬುಟ್ಟಿ, ತಳದಲ್ಲಿ ನೀರು ಚಿಮ್ಮುವ ರೆಕ್ಕೆ, ಪಕ್ಕದಲ್ಲಿ ತಿರುಗಿಸುವ ಹಿಡಿ, ಮೇಲೊಂದು ಮುಚ್ಚಳ. ಮರದ ತೊಟ್ಟಿಯಲ್ಲಿ ಹಿತ್ತಾಳೆ ಹಾಕಿದರೆ ತೊಟ್ಟಿ ಉಳಿಯುವುದಿಲ್ಲವೆಂದು ಅಪ್ಪ ಪೀಪಾಯಿಯನ್ನು ಆರಿಸಿದರು. ಎಷ್ಟು ಸ್ವಚ್ಛವಾಗುತ್ತದೆ ಎಂದು ಕೇಳಿದ್ದಕ್ಕೆ ಸಾಹೇಬರು ಬಂಗಲೆಯ ಸಾಕ್ಷಿ ಕೊಟ್ಟರು.

“ದೊರೆಸಾನಿ ಅವರು ಪಿಂಗಾಣಿ ಬಶಿಯಾಗ ಮುಖ ನೋಡ್ಕೊಂಡು ತಲಿ ಬಾಚ್ಕೊಂತಿದ್ರು ಸಾಬ್. ಮನ್ಯಾಗ ಕನ್ನಡಿನ ಇರಲಿಲ್ಲ.”

ಜೊತೆಗೆ ಅವರು ಸೋಡಾಪುಡಿಯನ್ನೂ ಕೊಟ್ಟಿದ್ದರು. ಅವ್ವ ಅದನ್ನು ಬೇಡವೆಂದಳು. ಪಾತ್ರೆ ತೊಳೆದ ಮೊದಲ ನೀರು ಹಿತ್ತಲಿನ ಎಮ್ಮೆಗೆ ಹೋಗಬೇಕು, ಸೋಡಾ ಬಿದ್ದರೆ ಎಮ್ಮೆ ಮೂಸುವುದೂ ಇಲ್ಲ. ಅಪ್ಪ ಎಮ್ಮೆಯ ಪರವಾಗಿ ತೀರ್ಮಾನ ಕೊಟ್ಟರು: ಬರೀ ಬಿಸಿನೀರು ಸಾಕು.

ಅಂದು ಸಂಜೆ ಊಟವಾದ ಮೇಲೆ ಯಂತ್ರ ಬಚ್ಚಲಲ್ಲಿ ನಿಂತಿತು. ನಮ್ಮ ಮನೆಯಲ್ಲಿ ಗಂಗಾಳದಲ್ಲಿ ಒಂದು ಅಗುಳನ್ನೂ ಬಿಡುವಂತಿರಲಿಲ್ಲ. ಉಂಡಾದ ಮೇಲೆ ಅದಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ಬಳಿದು, ಆ ನೀರನ್ನು ಕುಡಿದೇ ಏಳಬೇಕು. ಅದು ಪ್ರಸಾದ, ಅದನ್ನು ತೊಳೆಯುವುದೆಂದು ಯಾರೂ ಕರೆಯುತ್ತಿರಲಿಲ್ಲ. ಎಂದಿನಂತೆ ಎಲ್ಲರೂ ಕುಡಿದು ಎದ್ದೆವು. ಅಪ್ಪ ಗಂಗಾಳಗಳನ್ನು ಬುಟ್ಟಿಯಲ್ಲಿ ಜೋಡಿಸಿ, ಬಿಸಿನೀರು ಸುರಿದು, ಸ್ಟೂಲಿನ ಮೇಲೆ ಕುಳಿತು ಹಿಡಿ ತಿರುಗಿಸಿದರು. ಮುಚ್ಚಳ ತೆಗೆದಾಗ ಗಂಗಾಳಗಳು ಫಳಫಳ ಹೊಳೆಯುತ್ತಿದ್ದವು.

ಮುಂದಿನ ವಾರ ಓಣಿಯವರೆಲ್ಲ ಸರದಿಯಂತೆ ಬಂದು ನೋಡಿದರು. ಕೊಡ ಹಿಡಿದು ನೀರಿಗೆ ಹೊರಟವರೂ ಒಳಗೆ ಬಂದು ಹೋಗುತ್ತಿದ್ದರು. ಅಪ್ಪ ದಿನವೂ ತಾವೇ ಹಿಡಿ ತಿರುಗಿಸುತ್ತಿದ್ದರು. ಅದು ಮುಸುರಿ ಕೆಲಸವಲ್ಲ, ಯಂತ್ರದ ಕೆಲಸ. ಹಾಗಾಗಿ ಅದರಲ್ಲಿ ಸಂಕೋಚವಿರಲಿಲ್ಲ. ಒಲೆಗೆ ಹತ್ತಿಕಟ್ಟಿಗೆ ಹಾಕುತ್ತಿದ್ದ ಮನೆ ನಮ್ಮದು. ಅಡುಗೆಯ ಬೋಗಣಿ, ಚರಿಗೆ, ಹಾಲಿನ ತಪ್ಪಲೆಯ ತಳದಲ್ಲೆಲ್ಲ ಬೆರಳಿಗೆ ಹತ್ತುವಷ್ಟು ಮಸಿ. ಅವು ಯಾವುವೂ ಆ ಬುಟ್ಟಿಯಲ್ಲಿ ಹಿಡಿಯುತ್ತಿರಲಿಲ್ಲ. ನಾವು ಏಳುವ ಮೊದಲೇ ಅವ್ವ ಅವುಗಳನ್ನು ಹಿತ್ತಲಿಗೆ ಒಯ್ದು ಬೂದಿ ಹಚ್ಚಿ ತಿಕ್ಕಿ ತಂದಿಡುತ್ತಿದ್ದಳು. ಯಂತ್ರ ಬಂದ ಮೇಲೂ ಕೈ ಏಕೆ ಮಾಯುತ್ತಿಲ್ಲವೆಂದು ಅಪ್ಪ ಡಾಕ್ಟರನ್ನು ಕೇಳಿದರು. ಡಾಕ್ಟರು ಮುಲಾಮು ಬದಲಿಸಿದರು.

ಸುದ್ದಿ ಸಿರುಗುಪ್ಪಕ್ಕೂ ತಲುಪಿತು. ಅಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅಪ್ಪನ ಬಾಲ್ಯದ ಗೆಳೆಯರೊಬ್ಬರು ಹೆಂಡತಿಯೊಂದಿಗೆ ಬಂದರು. ಯಂತ್ರ ಒಪ್ಪಿಗೆಯಾದರೆ ಅಂಥದೇ ಇನ್ನೊಂದನ್ನು ಹುಡುಕಿಸಿಕೊಳ್ಳುವ ಇರಾದೆ ಅವರದು. ಬರುವಾಗ ತಮ್ಮ ಗಿರಣಿಯ ಸಣ್ಣಕ್ಕಿ ತಂದಿದ್ದರಿಂದ ಅಂದು ಮಧ್ಯಾಹ್ನ ರೊಟ್ಟಿಯ ಜೊತೆ ಅನ್ನವೂ ಆಯಿತು. ಅವರ ಮನೆಯ ರೂಢಿ ಬೇರೆ. ಉಂಡು, ಮರ್ಯಾದೆಗೆ ಒಂದಿಷ್ಟು ಮೊಸರನ್ನ ಉಳಿಸಿ, ಗಂಗಾಳದಲ್ಲೇ ಕೈ ತೊಳೆದು ಎದ್ದರು. ಅವ್ವ ಅದನ್ನು ಮೊದಲು ಎಮ್ಮೆಯ ಬಾನಿಗೆ ಬಗ್ಗಿಸಲು ಹೋದಳು. ಅಪ್ಪ ತಡೆದು, ಇದ್ದದ್ದು ಇದ್ದಂತೆಯೇ ಬುಟ್ಟಿಗಿಟ್ಟು, ಮುಚ್ಚಳ ಹಾಕಿ ಹಿಡಿ ತಿರುಗಿಸಿದರು. ಅತಿಥಿಗಳಿಗಾಗಿ ಎಂದಿಗಿಂತ ಹೆಚ್ಚು ಹೊತ್ತೇ ತಿರುಗಿಸಿದರು.

ಮುಚ್ಚಳ ತೆಗೆದಾಗ ಎರಡು ಗಂಗಾಳದಲ್ಲಿದ್ದ ಅನ್ನ ಅಷ್ಟೂ ಗಂಗಾಳಗಳಿಗೆ ಹಂಚಿಹೋಗಿತ್ತು. ನಮ್ಮ ಗಂಗಾಳಗಳ ಬೆನ್ನಿಗೂ ಅಗುಳು ಅಂಟಿದ್ದವು. ಅಪ್ಪನ ಗಂಗಾಳದ ನಡುವೆ ಸಾರಿನ ಕರಿಬೇವು ನೆಟ್ಟಗೆ ಕೂತಿತ್ತು.

ಸಿರುಗುಪ್ಪದ ಗೆಳೆಯರು ಬಗ್ಗಿ ನೋಡಿದರು. “ಲೇ, ಇದು ತೊಳಿಯೋ ಮಿಷಿನ್ ಅಲ್ಲಲೇ. ಬಡಸೋ ಮಿಷಿನ್ ಐತಿ. ನಮ್ಮ ಮನ್ಯಾಗ ಮದಿವಿ ಇದ್ದಾಗ ಕಳಸಿಕೊಡು.”

ನೀರು ಇನ್ನಷ್ಟು ಬಿಸಿ ಇರಬೇಕಿತ್ತು, ಇಷ್ಟು ದಿನ ಸರಿಯಾಗೇ ತೊಳೆದಿದೆ ಎಂದು ಅಪ್ಪ ಸಮಜಾಯಿಷಿ ಕೊಡತೊಡಗಿದರು. ಆಗ ಅವ್ವ ಬಾಯಿ ಬಿಟ್ಟಳು.

“ಇಷ್ಟು ದಿನ ಅದು ಎಲ್ಲಿ ತೊಳದೈತ್ರಿ? ನಾವ ತೊಳಕೊಂಡು ಕುಡದ ಮ್ಯಾಲ ಅದರಾಗ ಇಡತಿದ್ವಿ. ತೊಳದಿದ್ದ ಗಂಗಾಳಕ್ಕ ನೀವು ಜಳಕ ಮಾಡಿಸ್ತಿದ್ರಿ.”

ಅಪ್ಪ ಹಿಡಿ ಬಿಟ್ಟರು. ಗೆಳೆಯರು ಗೋಡೆಗೆ ಒರಗಿ ನಕ್ಕರು. ಅವರ ಹೆಂಡತಿ ನಗಲಿಲ್ಲ. ಅಡುಗೆಮನೆಯಲ್ಲಿ ಬೋರಲು ಹಾಕಿದ್ದ ಬೋಗಣಿಗಳ ಕಡೆ ನೋಡಿ, “ಹಂಗಾದ್ರ ಅವನ್ನ ಯಾರು ತಿಕ್ತಾರಕ್ಕಾ?” ಎಂದು ಕೇಳಿದರು. ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಪ್ಪ ಆ ಕೈಯನ್ನೂ ಬೋಗಣಿಯನ್ನೂ ನೋಡಿದರು. ಆಮೇಲೆ ಗೆಳೆಯರು ಮಳೆಯ ಮಾತು ತೆಗೆದರು.

ಅತಿಥಿಗಳು ಸಂಜೆಯ ಬಸ್ಸಿಗೆ ಹೋದರು. ಅಪ್ಪ ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತರು. ಅಂಗಿಯ ತೋಳು ಮಡಚಿತ್ತು, ಪಂಚೆ ಮೇಲೆ ಕಟ್ಟಿತ್ತು, ಮುಂದೆ ಬಿಸಿನೀರಿತ್ತು. ಗಂಗಾಳಗಳನ್ನು ಆಗಲೇ ಕೈಯಲ್ಲೇ ತೊಳೆದಾಗಿತ್ತು, ತಿರುಗಿಸಲು ಏನೂ ಇರಲಿಲ್ಲ.

ಅವ್ವ ಸಾರಿನ ಬೋಗಣಿ ತಂದು ಅವರ ಮುಂದಿಟ್ಟಳು. “ಹೆಂಗೂ ಕುಂತೀರಿ. ಇದೊಂದು ತಿಕ್ಕಿಬಿಡ್ರಿ.”

ಅಪ್ಪ ನನ್ನ ಕಡೆ ತಿರುಗಿ ಬೀದಿಬಾಗಿಲಿಗೆ ಅಗಳಿ ಹಾಕಿ ಬರಲು ಹೇಳಿದರು. ಅವ್ವ ಬೂದಿ, ತೆಂಗಿನ ನಾರು, ಹುಣಿಸೆಹಣ್ಣಿನ ಸಿಪ್ಪೆ ತಂದಿಟ್ಟು, ಗೋಡೆಗೆ ಒರಗಿ ಕುಳಿತು ಎಲ್ಲಿ ತಿಕ್ಕಬೇಕೆಂದು ಹೇಳುತ್ತ ಹೋದಳು. ಮೊದಲ ಬೋಗಣಿಯಲ್ಲಿ ಮಸಿ ಹೋದದ್ದು ಅರ್ಧ. ಉಳಿದರ್ಧ ಅಪ್ಪನ ಅಂಗಿಗೆ ಬಂತು. ಬೋಗಣಿಯ ಕಂಠದ ಕೆಳಗಿನ ಸುತ್ತು ಉಳಿದಿದೆ ಎಂದು ಅವ್ವ ಎರಡು ಸಲ ವಾಪಸು ಕೊಟ್ಟಳು. ಫ್ಯಾಕ್ಟರಿಯಲ್ಲಿ ತಾವು ಇಷ್ಟು ಕಟ್ಟುನಿಟ್ಟು ಮಾಡುವುದಿಲ್ಲವೆಂದು ಅಪ್ಪ ಹೇಳಿದರು. “ಅದಕ್ಕ ನಿಮ್ಮ ಅರಳ್ಯಾಗ ಬೀಜ ಬರ್ತಾವ” ಎಂದಳು ಅವ್ವ.

ಮರುದಿನದಿಂದ ಬೋಗಣಿಗಳು ಅಪ್ಪನ ಕೆಲಸವಾದವು. ತಂತಿಯ ಬುಟ್ಟಿಯನ್ನು ಕಿತ್ತುಹಾಕಿ, ಪೀಪಾಯಿಯಲ್ಲಿ ಬಿಸಿನೀರು ತುಂಬಿ ತಳಹತ್ತಿದ ಪಾತ್ರೆಗಳನ್ನು ನೆನೆಯಲು ಬಿಡುವುದನ್ನು ಅವರೇ ಶುರುಮಾಡಿದರು. ಗಂಗಾಳಗಳನ್ನು ನಾನು ತೊಳೆಯುತ್ತಿದ್ದೆ. ಅದು ಕೆಲಸವೆನ್ನುವಷ್ಟು ಇರಲಿಲ್ಲ. ಕೆಲವು ದಿನ ಬೀದಿಬಾಗಿಲಿಗೆ ಅಗಳಿ ಬೀಳುತ್ತಿತ್ತು. ಆಮೇಲೆ ಸೆಕೆ ಹೆಚ್ಚಾಗಿ ಬಾಗಿಲು ತೆರೆದೇ ಇರತೊಡಗಿತು. ನೋಡಿದವರು ಮೊದಲು ನಕ್ಕರು, ನಂತರ ಪಾತ್ರೆ ನೆನೆಹಾಕುವ ಪದ್ಧತಿಯನ್ನು ಕೇಳಿ ತಿಳಿದುಕೊಂಡರು.

ಮುಂಗಾರು ಶುರುವಾದ ಮೇಲೆ ಡಾಕ್ಟರು ಬಟ್ಟೆ ಸುತ್ತುವುದನ್ನು ನಿಲ್ಲಿಸಿದರು. ಅವ್ವ ನೋವಿಲ್ಲದೆ ರೊಟ್ಟಿ ಬಡಿಯತೊಡಗಿದಳು. ಕೆಲಸದ ಹೆಣ್ಣುಮಗಳು ಮೊಮ್ಮಗುವನ್ನು ಎತ್ತಿಕೊಂಡು ಕುರುಗೋಡಿನಿಂದ ಮರಳಿದಾಗ, ಗಂಗಾಳ, ಚರಿಗೆಗಳು ಅವಳ ಕೈಗೆ ಹೋದವು. ಬೋಗಣಿಗಳನ್ನು ಅಪ್ಪ ಕೊಡಲಿಲ್ಲ. ಅವಳು ಕಂಠದ ಕೆಳಗೆ ಸರಿಯಾಗಿ ತಿಕ್ಕುವುದಿಲ್ಲವೆಂದರು.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ೧೯೫೩ರಲ್ಲಿ, ನಾನು ಕೆಲಸದ ಮೇಲೆ ಬೇರೆ ಊರಿಗೆ ಹೋದೆ. ಆಗ ಅವ್ವನ ಎರಡೂ ಕೈ ಸರಿಯಾಗಿದ್ದವು, ಸಂಜೆಯ ಬೋಗಣಿಗಳನ್ನು ಅಪ್ಪ ತಿಕ್ಕುತ್ತಿದ್ದರು.